ಮಡಿಕೆ ನಿಲ್ಲದ ನೋಟು

ದಿಂಬಿನ ಕವರನ್ನು ತಲೆಕೆಳಗು ಮಾಡಿ ಕೊಡವಿದಾಗ ಏನೋ ಟಕ್ಕೆಂದು ನೆಲಕ್ಕೆ ಬಿತ್ತು. ಮಜೀದಾ ಕಂಕುಳಲ್ಲಿದ್ದ ಹಾಸುಬಟ್ಟೆಯ ಗಂಟನ್ನು ಮಂಚದ ಮೇಲೆ ಹಾಕಿ ಬಗ್ಗಿದಳು. ಶನಿವಾರ ಬೆಳಿಗ್ಗೆ ಒಗೆಯುವುದಕ್ಕೆಂದು ಬಟ್ಟೆ ತೆಗೆಯುವಾಗ ಮಗಳ ಹಾಸಿಗೆಯಲ್ಲಿ ಏನಾದರೊಂದು ಸಿಗುವುದು ಹೊಸದಲ್ಲ. ಬಣ್ಣದ ಪೆನ್ಸಿಲು, ಅರ್ಧ ತಿಂದ ಬಿಸ್ಕತ್ತು, ಒಮ್ಮೆ ಮನೆಯ ಹಿಂದಿನ ಲಗೂನ್ ಕೆರೆಯ ದಂಡೆಯಿಂದ ಹೆಕ್ಕಿ ತಂದ ಹೆಬ್ಬಾತಿನ ಗರಿ. ಈ ಸಲ ಸಿಕ್ಕಿದ್ದು ಒಂದು ನೋಟು. ಇಂಗ್ಲೆಂಡಿನ ಪ್ಲಾಸ್ಟಿಕ್ ನೋಟು. ಅದನ್ನು ಹೇಗೆಹೇಗೋ ಮಡಚಿ, ಮಡಚಿದ ಕಡೆಯಲ್ಲೆಲ್ಲ ಮೆಹ್ರೀನ್ ತನ್ನ ಕೂದಲಿನ ಕ್ಲಿಪ್ಪುಗಳನ್ನು ಸಿಕ್ಕಿಸಿದ್ದಳು. ಅವು ಸಾಲದೆಂದು ಚಿಪ್ಸ್ ಪೊಟ್ಟಣದ ಬಾಯಿಗೆ ಹಾಕುವ ದೊಡ್ಡ ಕ್ಲಿಪ್ಪನ್ನೂ ಅಡುಗೆಮನೆಯಿಂದ ತಂದು ಹಾಕಿದ್ದಳು. ಒಂದು ತುದಿಯಲ್ಲಿ ಚೂಪಾಗಿ ಕೊಕ್ಕಿನಂಥದ್ದು ಕಾಣುತ್ತಿತ್ತು.

ಮಜೀದಾ ಒಂದು ಕ್ಲಿಪ್ಪು ತೆಗೆದಳು. ಕೊಕ್ಕು ಬಿಚ್ಚಿಕೊಂಡಿತು. ಇನ್ನೊಂದನ್ನು ಮುಟ್ಟಿದ್ದೇ ತಡ, ರೆಕ್ಕೆ ಎದ್ದು ನಿಂತಿತು. ಉಳಿದವನ್ನೂ ತೆಗೆದಾಗ ನೋಟು ಅವಳ ಅಂಗೈ ಮೇಲೆ ತನ್ನಷ್ಟಕ್ಕೆ ತಾನೇ, ಅವಸರವಿಲ್ಲದೆ, ಪೂರಾ ಬಿಚ್ಚಿಕೊಂಡು ಮಲಗಿತು.

ಹಾಗಾದರೆ ಇವಳಿಗೆ ಗೊತ್ತಾಗಿದೆ.

ಬಚ್ಚಲುಮನೆಯಲ್ಲಿ ನಲ್ಲಿಯ ಸದ್ದು ನಿಂತಿತು. ಮಜೀದಾ ಗಡಿಬಿಡಿಯಿಂದ ನೋಟನ್ನು ಮೊದಲಿದ್ದಂತೆಯೇ ಮಡಚಲು ನೋಡಿದಳು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಪುಟಿದು ಏಳುತ್ತಿತ್ತು. ಎಂಟು ವರ್ಷದ ಹುಡುಗಿಯ ಬೆರಳಿಗೆ ಸಾಧ್ಯವಾದಷ್ಟೂ ಅವಳಿಗೆ ಸಾಧ್ಯವಾಗಲಿಲ್ಲ. ಕೊನೆಗೆ ಹೇಗೋ ಕ್ಲಿಪ್ಪು ಸಿಕ್ಕಿಸಿ, ನೋಟನ್ನು ಕವರಿನೊಳಗೆ ಹಾಕಿ, ದಿಂಬಿಗೆ ಅದೇ ಕವರು ತೊಡಿಸಿ, ಹಾಸುಬಟ್ಟೆಗಳನ್ನಷ್ಟೇ ಎತ್ತಿಕೊಂಡು ಹೊರಗೆ ಬಂದಳು.

ಅವಳ ಅಬ್ಬಾ, ತಂದೆ ಖಾದರ್, ಗದಗ ಡಿಪೋದಲ್ಲಿ ಬಸ್ ಕಂಡಕ್ಟರಾಗಿದ್ದವರು. ನೋಟುಗಳನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡು, ತುಂಬಿದ ಬಸ್ಸಿನಲ್ಲಿ ಮೈ ಸವರಿಕೊಂಡು ಹೋಗಿಬರುತ್ತ ಕಳೆದ ಆಯುಷ್ಯ. ಆ ಬೆರಳುಗಳಿಗೆ ಸುಮ್ಮನಿರಲು ಬರುತ್ತಿರಲಿಲ್ಲ. ಮನೆಗೆ ಬಂದರೆ ಜೇಬಿನಲ್ಲಿ ಹರಿದ ಟಿಕೆಟ್ಟಿನ ಗುಬ್ಬಿಗಳಿರುತ್ತಿದ್ದವು, ಮಜೀದಾಳಿಗೊಂದು, ತಂಗಿ ಸಮ್ರೀನಳಿಗೊಂದು. ರಮಜಾನಿನ ಹಬ್ಬದಲ್ಲಿ ಮಾತ್ರ ಟಿಕೆಟ್ಟಿನದಲ್ಲ, ಹೊಸ ನೋಟಿನ ಗುಬ್ಬಿ. ಬೇರೆ ಮನೆಯ ಮಕ್ಕಳು ಈದಿಯೆಂದು ಸಿಕ್ಕ ಹಬ್ಬದ ನೋಟನ್ನು ಅವತ್ತೇ ಅಂಗಡಿಗೆ ಹಾಕಿದರೆ ಈ ಅಕ್ಕತಂಗಿಯರು ಬಿಚ್ಚಲು ಮನಸ್ಸು ಬಾರದೆ ವಾರಗಟ್ಟಲೆ ಇಟ್ಟುಕೊಳ್ಳುತ್ತಿದ್ದರು. ಆಮೇಲೆ ಅವರ ಅಮ್ಮಿಯೇ ಯಾವಾಗಲೋ ಬಿಚ್ಚಿ ಕಿರಾಣಿಗೆ ಖರ್ಚು ಮಾಡುತ್ತಿದ್ದಳು. ಅದಕ್ಕೆ ಯಾರೂ ಅಳುತ್ತಿರಲಿಲ್ಲ. ಮುಂದಿನ ಹಬ್ಬಕ್ಕೆ ಇನ್ನೊಂದು ಬಂದೇ ಬರುತ್ತಿತ್ತು.

ಸಮ್ರೀನ್ ಮದುವೆಯಾಗಿ ಇಂಗ್ಲೆಂಡಿಗೆ ಹೋದಳು. ಅಮ್ಮಿ ತೀರಿಕೊಂಡ ಮೇಲೆ ತಂದೆಯನ್ನೂ ಅಲ್ಲಿಗೇ ಕರೆಸಿಕೊಂಡಳು. ಅಂದಿನಿಂದ ಪ್ರತಿ ಹಬ್ಬಕ್ಕೆ ಅಮೆರಿಕದ ಫಾಸ್ಟರ್ ಸಿಟಿಯ ಈ ಅಪಾರ್ಟ್‌ಮೆಂಟಿಗೆ ಟಪಾಲಿನಲ್ಲಿ ಒಂದು ಗುಬ್ಬಿ ಬರತೊಡಗಿತು. ಪೌಂಡಿನ ಕಾಗದದ ನೋಟಿನ ಗುಬ್ಬಿ. ರಾಣಿಯ ಮುಖ ಸರಿಯಾಗಿ ಅದರ ಎದೆಯ ಮೇಲೆ ಬರುವಂತೆ ಮಡಚಿರುತ್ತಿತ್ತು. ಮೆಹ್ರೀನ್ ಅವನ್ನು ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಹತ್ತಿ ಹಾಸಿ ಸಾಲಾಗಿ ಕೂರಿಸಿದ್ದಳು.

ಹೋದ ಸೆಪ್ಟೆಂಬರಿನಲ್ಲಿ ಸಮ್ರೀನ್ ಫೋನಿನಲ್ಲಿ ಮಾತಿನ ನಡುವೆ ಹೇಳಿದ್ದಳು, ಈ ತಿಂಗಳು ಮುಗಿದರೆ ಇಲ್ಲಿ ಕಾಗದದ ನೋಟು ನಡೆಯುವುದಿಲ್ಲ, ಇನ್ನೇನಿದ್ದರೂ ಪ್ಲಾಸ್ಟಿಕ್ಕಿನವೇ ಎಂದು. ಕಂಡಕ್ಟರನ ಮನೆಯಲ್ಲಿ ಬೆಳೆದವರಿಗೆ ‘ನಡೆಯದ ನೋಟು’ ಎಂಬ ಮಾತಿನ ಭಯ ಬೇರೆಯೇ. ಸಂಜೆ ಡಿಪೋದಲ್ಲಿ ಲೆಕ್ಕ ಒಪ್ಪಿಸುವಾಗ ಹರಕು ನೋಟು, ಖೋಟಾ ನೋಟು ಬಂದರೆ ಅದು ಸಂಬಳಕ್ಕೆ ಕತ್ತರಿ. ಅಂಥ ದಿನ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಅಬ್ಬಾ ಪಿಂಚಣಿಯ ದುಡ್ಡಿನಲ್ಲಿ ಮೊಮ್ಮಗಳಿಗೆಂದು ಕಳಿಸಿದ್ದು ಡಬ್ಬದಲ್ಲಿ ಕೂತು ಸತ್ತುಹೋಗುವುದೆಂದರೇನು?

ಗಂಡ ಮುಕರ್ರಮ್ ಆಗಲೇ ಆಫೀಸಿನ ಕೆಲಸಕ್ಕೆ ಲಂಡನ್ನಿಗೆ ಹೊರಡುವವನಿದ್ದ, ನೋಟು ಬದಲಿಸಿ ತರಲು ಅವನ ಕೈಗೆ ಕೊಡಬಹುದಿತ್ತು. ಮಗಳು ಶಾಲೆಗೆ ಹೋದ ಹೊತ್ತಿನಲ್ಲಿ ಮಜೀದಾ ಡಬ್ಬ ತೆಗೆದು ಗುಬ್ಬಿಗಳನ್ನು ಒಂದೊಂದಾಗಿ ಬಿಚ್ಚಿದಳು. ಸುಕ್ಕಿನ ನೋಟು ಕೊಟ್ಟರೆ ಬ್ಯಾಂಕಿನವರು ಏನನ್ನುತ್ತಾರೋ ಎಂದು, ತನ್ನ ಹತ್ತಿಯ ದುಪಟ್ಟಾದ ಕೆಳಗೆ ಹರಡಿ, ಮೇಲೆ ನೀರು ಚಿಮುಕಿಸಿ, ಹಗುರವಾಗಿ ಇಸ್ತ್ರಿ ಮಾಡಿದಳು. ಗೆರೆಗಳು ಒಂದೂ ಉಳಿಯಲಿಲ್ಲ. ಅವತ್ತು ಅವಳಿಗೆ ತನ್ನ ಕೆಲಸದ ಬಗ್ಗೆ ಹೆಮ್ಮೆಯೇ ಆಗಿತ್ತು.

ಆಮೇಲೆ ತಿಳಿಯಿತು, ಹಳೆಯ ನೋಟನ್ನು ಅಲ್ಲಿಯ ದೊಡ್ಡ ಬ್ಯಾಂಕಿನಲ್ಲಿ ಯಾವಾಗ ಬೇಕಾದರೂ ಬದಲಿಸಿಕೊಡುತ್ತಾರಂತೆ. ಅವಸರವೇ ಇರಲಿಲ್ಲ.

ಮುಕರ್ರಮ್ ಕೈಯಲ್ಲಿ ಪ್ಲಾಸ್ಟಿಕ್ ನೋಟುಗಳು ಬಂದವು. ಅದೇ ಡಬ್ಬದಲ್ಲಿ, ಅದೇ ಹತ್ತಿಯ ಮೇಲೆ ಇಟ್ಟಳು. ಮಗಳಿಗೆ ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಿರುವಾಗಲೇ ಅಕ್ಟೋಬರಿನಲ್ಲಿ ಅಬ್ಬಾನಿಗೆ ಲಕ್ವ ಹೊಡೆಯಿತು. ಮಾತು ತಿರುಗಿ ಬಂತು, ಕಾಲು ಬಂತು, ಬಲಗೈ ಬರಲಿಲ್ಲ.

ಅಡುಗೆಮನೆಯಲ್ಲಿ ಮುಕರ್ರಮ್ ಆಮ್ಲೆಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದ.

“ಅವಳಿಗೆ ಗೊತ್ತಾಗಿದೆ ರೀ,” ಎಂದಳು ಮಜೀದಾ ತಗ್ಗಿದ ದನಿಯಲ್ಲಿ.

“ಯಾರಿಗೆ? ಏನು?”

“ಮೆಹ್ರೀನಳಿಗೆ. ಗುಬ್ಬಿ ವಿಷಯ. ಪ್ಲಾಸ್ಟಿಕ್ ನೋಟಲ್ಲಿ ಗುಬ್ಬಿ ಮಾಡೋಕೆ ನೋಡಿದಾಳೆ. ದಿಂಬಲ್ಲಿ ಸಿಕ್ತು.”

ಮುಕರ್ರಮ್ ಚಾಕು ಕೆಳಗಿಟ್ಟ. “ನಾನು ಅವತ್ತೇ ಹೇಳ್ದೆ ತಾನೆ? ಇರಲಿ ಬಿಡು, ಮಗುವಿನ ಆಟದ ಸಾಮಾನು ಅಂತ. ನೀನು ಕೇಳಬೇಕಲ್ಲ! ಕಂಡಕ್ಟರ್ ಮಗಳು, ಚಿಲ್ಲರೆ ಬಿಡಲ್ಲ.”

ಯಾವಾಗಲೂ ಅವಳನ್ನು ನಗಿಸುತ್ತಿದ್ದ ಮಾತು ಅದು. ಅವಳು ನಗಲಿಲ್ಲ. ಅವನೇ ಸಣ್ಣಗಾಗಿ, “ಬೈದ್ಲಾ?” ಎಂದು ಕೇಳಿದ.

“ಬೈದಿದ್ರೆ ಚೆನ್ನಾಗಿತ್ತು. ಏನೂ ಕೇಳೇ ಇಲ್ಲ. ನಲ್ಲಿ ನೀರು ಯಾಕೆ ತಣ್ಣಗಿದೆ ಅಂತಾನೂ ಕೇಳೋ ಹುಡುಗಿ.”

“ನೀನೇ ಹೇಳಿಬಿಡು.”

“ಏನಂತ?”

ಅವನು ಮೊಟ್ಟೆ ಒಡೆದು ಬಾಣಲೆಗೆ ಹಾಕಿದ. ಆಮ್ಲೆಟ್ಟು ತಟ್ಟೆಗೆ ಹಾಕಿ, ಕಾರಿನ ಆಯಿಲ್ ಬದಲಿಸಬೇಕೆಂದು ಕೀಲಿ ತೆಗೆದುಕೊಂಡು ಹೊರಟ.

ಎಂಟು ಗಂಟೆಗೆ ಸಮ್ರೀನಳ ಕರೆ ಬಂತು. ಶನಿವಾರದ ಈ ಹೊತ್ತು ಅಜ್ಜನದು. ತಾಯಿಯ ತಂದೆಯನ್ನು ‘ನಾನಾ’ ಎಂದು ಕರೆಯಬೇಕಿತ್ತು ಮೆಹ್ರೀನ್. ಆದರೆ ಗದಗಿನ ಓಣಿಯ ಮಕ್ಕಳೆಲ್ಲ ಖಾದರರನ್ನು ಅಜ್ಜಾ ಎನ್ನುತ್ತಿದ್ದುದನ್ನು ಕೇಳಿ ಇವಳಿಗೂ ಅದೇ ರೂಢಿಯಾಗಿತ್ತು. ಒದ್ದೆ ಕೂದಲಿನ ಮೆಹ್ರೀನ್ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಗೆ ಫೋನು ಒರಗಿಸಿ ಕೂತಳು. ಪರದೆಯಲ್ಲಿ ಅಜ್ಜನ ಮುಖ ಬಂತು. ಕ್ಷೌರ ಯಾರೋ ಮಾಡಿದ್ದರು, ಗಲ್ಲದ ಒಂದು ಕಡೆ ಬಿಳಿಕೂದಲು ಉಳಿದಿತ್ತು.

“ಏನವ್ವಾ, ಎದ್ದೇನು? ನಿಮ್ಮ ಕಡೆ ಸೂರ್ಯಾ ಈಗ ಡ್ಯೂಟಿಗೆ ಬಂದಾನ. ಇಲ್ಲಿ ಆಗಲೇ ಮನಿಗೆ ಹೊಂಟಾನ ನೋಡು.”

“ಹಾಯ್ ಅಜ್ಜಾ. ನಾಷ್ಟಾ ಆಯ್ತಾ?”

“ನಾಷ್ಟಾ ಅಲ್ಲವ್ವಾ, ನಮ್ಮಲ್ಲಿ ಈಗ ಚಾದ ಹೊತ್ತು. ನಿನ್ನ ಚಿಕ್ಕಮ್ಮ ಸಕ್ಕರಿ ಹಾಕದ ಚಾ ಕೊಡತಾಳ. ಅದು ಚಾ ಅಲ್ಲ, ಬಸ್ ತೊಳದ ನೀರು.”

“ಅಬ್ಬಾ!” ಎಂದು ಸಮ್ರೀನ್ ಹಿಂದಿನಿಂದ ಕೂಗಿದ್ದು ಕೇಳಿತು. ಮೆಹ್ರೀನ್ ಕಿಸಕ್ಕನೆ ನಕ್ಕಳು. ಮಜೀದಾ ಸಿಂಕಿನ ಬಳಿ ಪಾತ್ರೆ ತೊಳೆಯುತ್ತ, ಸದ್ದಾಗದಂತೆ ನಲ್ಲಿ ಸಣ್ಣಗೆ ಮಾಡಿದಳು. ಮುಂದಿನ ಮಾತು ಏನೆಂದು ಅವಳಿಗೆ ಗೊತ್ತಿತ್ತು. ಪ್ರತಿ ವಾರ ಅದೇ.

“ಗುಬ್ಬಿ ಹ್ಯಾಂಗ ಅದಾವು? ಕಾಳು ಹಾಕತೀಯೋ, ಉಪವಾಸ ಕೆಡವೀಯೋ?”

ತೊಳೆಯುತ್ತಿದ್ದ ತಟ್ಟೆ ಮಜೀದಾಳ ಕೈಯಲ್ಲೇ ನಿಂತಿತು.

“ಹಾಕ್ತೀನಿ ಅಜ್ಜಾ.”

“ಹಾರಿ ಗೀರಿ ಹೋಗಿಲ್ಲಲ್ಲ?”

“ಇಲ್ಲ. ದೇ ಆರ್ ಫೈನ್. ಎಲ್ಲಾ ಇಲ್ಲೇ ಇದಾವೆ.”

ಎಷ್ಟು ಸಲೀಸಾಗಿ ಹೇಳಿದಳು! ಎಷ್ಟು ಶನಿವಾರಗಳಿಂದ ಹೀಗೆ ಹೇಳುತ್ತಿದ್ದಳೋ. ಮಗಳಿಗೆ ಇನ್ನೂ ಗೊತ್ತಿಲ್ಲ ಎಂದುಕೊಂಡು ಇದೇ ಉತ್ತರವನ್ನು ಮಜೀದಾ ನೆಮ್ಮದಿಯಿಂದ ಕೇಳಿಸಿಕೊಂಡಿದ್ದಳು.

ಮೆಹ್ರೀನ್ ಫೋನಿನ ಹತ್ತಿರಕ್ಕೆ ಬಾಗಿದಳು. “ಅಜ್ಜಾ, ಹೌ ಡು ಯು ಸ್ಟಾರ್ಟ್? ಫಸ್ಟ್ ಫೋಲ್ಡು?”

“ಏನಂತಾಳ ಇಕಿ?”

“ಗುಬ್ಬಿ ಮಾಡೂದು ಹ್ಯಾಂಗ ಶುರು ಮಾಡತಿದ್ದಿ ಅಂತ ಕೇಳಾಕತ್ತಾಳ,” ಎಂದಳು ಸಮ್ರೀನ್.

ಅಜ್ಜ ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ ಪರದೆಯ ಮುಂದೆ ಹಿಡಿದರು. ಬೆರಳುಗಳು ಒಳಕ್ಕೆ ಸುರುಳಿಯಾಗಿದ್ದವು. “ಅದು ಈ ಕೈಗೆ ಗೊತ್ತಿತ್ತವ್ವಾ. ನನಗೆಲ್ಲಿ ಗೊತ್ತೈತಿ? ನಾ ಟಿಕೀಟು ಕೇಳಕೋತ ಹೋಗತಿದ್ದೆ, ಅದು ತನ್ನ ಪಾಡಿಗೆ ತಾ ಮಡಚತಿತ್ತು. ಈಗ ಡ್ಯೂಟಿ ಮುಗಿಸಿ ಡಿಪೋಕ್ಕ ಹೋಗೇತಿ. ಕರದರ ಬರವಲ್ದು.” ನಗಲು ನೋಡಿದರು. ನಗೆ ಒಂದೇ ತುಟಿಗೆ ಬಂತು. ಕೈಯನ್ನು ಮೆಲ್ಲಗೆ ತೊಡೆಯ ಮೇಲೆ ಇಟ್ಟುಕೊಂಡು, “ಹಿಂಗ ಮಾಡು. ಒಂದು ಗುಬ್ಬಿ ಬಿಚ್ಚು. ಹೆದರಬ್ಯಾಡ, ಸಾಯಂಗಿಲ್ಲ. ಒಳಗ ಗೆರಿ ಇರತಾವು. ಆ ಗೆರಿ ಹಿಡಕೊಂಡು ಹೋಗು, ಹಾದಿ ಸಿಗತೈತಿ. ಕಾಗದ ಮರಿಯಂಗಿಲ್ಲ,” ಎಂದರು.

ಮೆಹ್ರೀನ್ ಸಿಂಕಿನ ಬಳಿಯಿದ್ದ ತನ್ನ ಅಮ್ಮಿಯ ಕಡೆ ತಿರುಗಲಿಲ್ಲ. “ಓಕೆ ಅಜ್ಜಾ,” ಎಂದಳು.

“ಮಜೀದಾ ಎಲ್ಲದಾಳ? ಅಕಿಗೆ ಬಿಚ್ಚಾಕ ಹೇಳು. ನೋಟು ಹುಷಾರಾಗಿ ಬಿಚ್ಚೂದು ನನ್ನ ಮಗಳಿಗೆ ಗೊತ್ತೈತಿ.”

ಮಜೀದಾ ಒದ್ದೆ ಕೈಯಲ್ಲೇ ಬಂದು ಮಗಳ ಹಿಂದೆ ನಿಂತಳು. “ಅಬ್ಬಾ…” ಎಂದಳು. ಹೇಳಿಬಿಡಬೇಕೆಂದೇ ಬಂದಿದ್ದಳು. ತಂದೆ ಅವಳನ್ನು ಕಂಡು ಮುಖ ಅರಳಿಸಿ, “ಸೊರಗೀಯಲ್ಲ ಯವ್ವಾ, ಉಣ್ಣತೀಯೋ ಇಲ್ಲೋ?” ಎಂದು ಕೇಳಿದರು. “ಉಣ್ಣತೀನಿ ಅಬ್ಬಾ,” ಎಂದಷ್ಟೇ ಅವಳ ಬಾಯಿಂದ ಬಂತು. ಅಬ್ಬಾ ದಣಿದಾರ, ಇಡತೀನಿ ಎಂದು ಸಮ್ರೀನ್ ಫೋನು ಇಟ್ಟಳು.

ಪರದೆ ಕಪ್ಪಾಯಿತು. ಒಗೆಯುವ ಯಂತ್ರ ಒಳಗೆ ಗಡಗಡ ಸದ್ದು ಮಾಡಿ ತಿರುಗುತ್ತಿತ್ತು. ಹೊರಗೆ ಲಗೂನಿನ ಹುಲ್ಲಿನ ಮೇಲೆ ಹೆಬ್ಬಾತುಗಳು ಸಾಲುಕಟ್ಟಿ ಮೇಯುತ್ತಿದ್ದವು.

ಮೆಹ್ರೀನ್ ಎದ್ದು ತನ್ನ ಕೋಣೆಗೆ ಹೋಗಿ ದಿಂಬಿನೊಳಗಿನದನ್ನು ತಂದು ಮೇಜಿನ ಮೇಲಿಟ್ಟಳು. ಕ್ಲಿಪ್ಪುಗಳು ಅವಳು ಹಾಕಿದ್ದ ಜಾಗದಲ್ಲಿರಲಿಲ್ಲ. ಅವಳು ಅದನ್ನು ನೋಡಿದಳು, ಅಮ್ಮಿಯನ್ನು ನೋಡಿದಳು.

“ಮೆಹ್ರೀನ್, ಆ ಗುಬ್ಬಿಗಳನ್ನ ನಾನು…”

“ಐ ನೋ, ಅಮ್ಮೀ.”

“ಯಾವಾಗ ಗೊತ್ತಾಯ್ತು?”

“ವೆನ್ ಅಜ್ಜ ಗಾಟ್ ಸಿಕ್. ಫೋನಲ್ಲಿ ಅಜ್ಜಂಗೆ ತೋರಿಸೋಣ ಅಂತ ಡಬ್ಬ ತೆಗ್ದೆ.”

ಮಜೀದಾ ಕುರ್ಚಿ ಎಳೆದುಕೊಂಡು ಮಗಳ ಎದುರಿಗೆ ಕೂತಳು. ದುಪಟ್ಟಾದ ಸೆರಗಿಗೆ ಕೈ ಒರೆಸಿಕೊಂಡಳು. ಒರೆಸಿದ ಮೇಲೆ ಅದು ಅವತ್ತಿನ ದುಪಟ್ಟಾವೇ ಎಂದು ಕಂಡು ಬಿಟ್ಟುಬಿಟ್ಟಳು. ಬೈಯಲಿ, ಅಳಲಿ, ಯಾಕೆ ಹೀಗೆ ಮಾಡಿದೆ ಎನ್ನಲಿ. ಆ ಪ್ರಶ್ನೆಗೆ ಮಜೀದಾ ವಾರಗಳಿಂದ ಉತ್ತರ ಹೊಂದಿಸಿಟ್ಟಿದ್ದಳು.

ಮೆಹ್ರೀನ್ ಕ್ಲಿಪ್ಪುಗಳನ್ನು ಒಂದೊಂದಾಗಿ ತೆಗೆದು ಬದಿಗಿಟ್ಟಳು. ನೋಟು ಮೆಲ್ಲಗೆ ಬಿಚ್ಚಿಕೊಂಡಿತು. ಅದನ್ನು ಅತ್ತ ಸರಿಸಿ, ಮೇಜಿನ ಮೇಲಿದ್ದ ಗ್ರೋಸರಿ ಅಂಗಡಿಯ ಉದ್ದನೆಯ ರಸೀದಿಯನ್ನು ಎಳೆದುಕೊಂಡು, ನೋಟಿನಷ್ಟೇ ಉದ್ದಕ್ಕೆ ಹರಿದು, ಅಂಗೈಯಿಂದ ನೀವಿ ಅಮ್ಮಿಯ ಮುಂದೆ ಇಟ್ಟಳು. ಆಮೇಲೆ, ಇಂಗ್ಲಿಷ್ ಬಿಟ್ಟು, ಒಂದೊಂದೇ ಮಾತು ಹುಡುಕಿಕೊಂಡು ಕೇಳಿದಳು:

“ಅಮ್ಮೀ, ನೀನು ಬಿಚ್ಚಿದಾಗ… ಮೊದಲು ಯಾವ ಕಡೆ ಬಿಚ್ಚಿತು? ನೋಡಿದ್ಯಾ?”