ಹದಿನಾರು ವಾಲ್ವು, ಒಂದೊಂದು ಸುತ್ತು

೧

ಈ ಕತೆಯನ್ನು ಎಲ್ಲಿಂದ ಶುರು ಮಾಡಲಿ? ಸದ್ದಿನಿಂದ ಅಂತ ಮೊದಲ ಡ್ರಾಫ್ಟ್ ಹೀಗೆ ಬರೆದೆ: “ಟಕಟಕ ಬಡಿಯುತ್ತಾ ಆ ದೊಡ್ಡ ಅಮೆರಿಕನ್ ಕಾರು ರಾಜಾಜಿನಗರದ ಶೆಡ್ಡಿನ ಮುಂದೆ ನಿಂತಿತು. ಮೆಕ್ಯಾನಿಕ್ ಚಿಕ್ಕಮುನಿಯಪ್ಪ ಸದ್ದು ಕೇಳಿ ತಲೆ ಎತ್ತಿದರು.”

ಹೊಡೆದುಹಾಕಿದೆ. ಅವರಿಗೆ ಆ ಸದ್ದು ಕೇಳಿಸಿರಲೇ ಇಲ್ಲ. ಎರಡು ವರ್ಷದಿಂದ ಕಿವಿ ಮಂದವಾಗುತ್ತಾ ಬಂದಿತ್ತು. ಲಾರಿಯ ಗುಡುಗು ಕೇಳಿಸುತ್ತಿತ್ತು. ಎಂಜಿನ್ನಿನ ಸಣ್ಣ ಟಕಟಕ ಇಲ್ಲ. ಉದ್ದನೆಯ ಸ್ಕ್ರೂಡ್ರೈವರನ್ನು ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೊತ್ತಿ ಕಾಯಿಲೆ ಹೇಳುವವರು ಎಂದೇ ಹೆಸರಾಗಿದ್ದವರು. (ಇಂಥವರಿಗೇ ಕಿವಿ ಹೋಗಬೇಕಾ, ಇದು ಕತೆಗಾರನ ಅನುಕೂಲ ಅಲ್ಲವಾ ಅಂತ ನೀವು ಕೇಳಬಹುದು. ಇಪ್ಪತ್ತೈದು ವರ್ಷ ಎಂಜಿನ್ನಿಗೆ ಕಿವಿ ಕೊಟ್ಟು ಕೂತು ನೋಡಿ, ಆಮೇಲೆ ಮಾತಾಡೋಣ.)

೨

ಎರಡನೇ ಡ್ರಾಫ್ಟಿನಲ್ಲಿ ೧೯೫೮ರ ರಾಜಾಜಿನಗರದ ಕೆಂಪು ಮಣ್ಣಿನ ರಸ್ತೆಗಳ ಬಗ್ಗೆ ಒಂದು ಪುಟ ಬರೆದೆ. ಮೇಷ್ಟರ ಪಾಠದ ಥರ ಇತ್ತು. ಅದೂ ಹೋಯಿತು.

ಉಳಿದದ್ದು ಇಷ್ಟು. ಕಿವಿಯ ವಿಷಯ ಗೊತ್ತಿದ್ದದ್ದು ಹೆಂಡತಿ ಮುನಿಲಕ್ಷ್ಮಮ್ಮನವರಿಗೆ ಮಾತ್ರ. ಅವರು ಶೆಡ್ಡಿನ ಮೂಲೆಯಲ್ಲಿ ಕೂತು ಬಿಡಿಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವವರು. ಎಂಜಿನ್ ಓಡುವಾಗ ಬಡಿತ ಇದ್ದರೆ ಒಂದು ಬೆರಳು ಎತ್ತುತ್ತಿದ್ದರು, ನಿಂತರೆ ಮಡಚುತ್ತಿದ್ದರು. ಗಿರಾಕಿಗಳಿಗೆ ಯಾರಿಗೂ ಅನುಮಾನ ಬಂದಿರಲಿಲ್ಲ.

೩

ಕಾರು ಡಾಕ್ಟರ್ ಅನಂತಲಕ್ಷ್ಮಿಯವರದು. ಊರು ಬಿಟ್ಟು ಹೋಗುತ್ತಿದ್ದ ಪರದೇಶದ ಎಂಜಿನಿಯರನಿಂದ ಕೊಂಡದ್ದು. ಹಿಂದಿನ ಸೀಟಿನಲ್ಲಿ ಬಸುರಿಯೊಬ್ಬಳು ಮಲಗಬಹುದು ಎಂಬ ಒಂದೇ ಕಾರಣಕ್ಕೆ. ಕೆಂಗೇರಿ ಕಡೆ ಹಳ್ಳಿಗಳಲ್ಲಿ ಹೆರಿಗೆ ಕಷ್ಟವಾದರೆ ತಾವೇ ಓಡಿಸಿಕೊಂಡು ಹೋಗಿ ಆಸ್ಪತ್ರೆಗೆ ಕರೆತರುತ್ತಿದ್ದರು.

ಚಿಕ್ಕಮುನಿಯಪ್ಪ ಎಲ್ಲ ಕಾರಿಗೂ ಮಾಡುವಂತೆ ಇದಕ್ಕೂ ಮಾಡಿದರು. ವಾಲ್ವುಗಳ ಮೇಲೆ ತೆಳು ತಗಡಿನ ಗೇಜು ತೂರಿಸಿ, ಸಣ್ಣ ಸಂದು ಬಿಟ್ಟು, ನಟ್ ಬಿಗಿದರು. ಅವತ್ತು ಮುನಿಲಕ್ಷ್ಮಮ್ಮ ತಂಗಿಯ ಮನೆಗೆ ಹೋಗಿದ್ದರು. ಬೆರಳು ತೋರಿಸುವವರು ಯಾರೂ ಇರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಡಾಕ್ಟರಮ್ಮ ವಾಪಸ್ ಬಂದರು.

“ಏನ್ರೀ ಮಾಡಿದೀರಿ? ಮೊದಲಿಗಿಂತ ಜಾಸ್ತಿ ಬಡ್ಕೊಳ್ತಾ ಇದೆ. ನಿಮಗೆ ಕೇಳಿಸ್ತಾ ಇಲ್ವಾ?”

ಸಿಟ್ಟಿನಲ್ಲಿ ಕೂಗಿದ ಮಾತು, ಅಷ್ಟೇ. ಆದರೆ ಚಿಕ್ಕಮುನಿಯಪ್ಪನವರ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಬಿತ್ತು. ರಾತ್ರಿಯೇ ವಾಪಸ್ ಬಂದಿದ್ದ ಮುನಿಲಕ್ಷ್ಮಮ್ಮ ಮೂಲೆಯಲ್ಲಿ ಬೇಡ ಅಂತ ತಲೆ ಆಡಿಸುತ್ತಿದ್ದರು.

“ಇಲ್ಲ ಅಮ್ಮಾವ್ರೆ. ಕೇಳಿಸಾಕಿಲ್ಲ. ಎರಡ್ ವರ್ಸ ಆಯ್ತು.”

೪

ಇಲ್ಲಿ ಡಾಕ್ಟರಮ್ಮನ ಕಣ್ಣು ಒದ್ದೆಯಾಗಲಿ ಎಂದು ನನ್ನ ಆಸೆ. ಬರೆದೂ ಬಿಟ್ಟೆ. ಅವರು ನನ್ನ ಕಡೆ ತಿರುಗಿದರು.

“ಏನ್ರೀ ಇದು? ಮಲ್ಲತ್ತಹಳ್ಳಿಲಿ ಬೋರಮ್ಮ ಅಂತ ಒಬ್ಬಳಿದಾಳೆ. ಹೊಟ್ಟೇಲಿ ಮಗು ಅಡ್ಡ ಮಲಗಿದೆ. ಇವತ್ತು ಸಂಜೆಯೊಳಗೆ ಅವಳನ್ನ ಆಸ್ಪತ್ರೆಗೆ ಸೇರಿಸಬೇಕು. ನಾನ್ಯಾಕೆ ಅಳಲಿ?”

ಒರೆಸಿದೆ. ಅವರು ನಿಜವಾಗಿ ಹೇಳಿದ್ದು ಇದು: “ಕಿವಿ ಕೇಳಿಸದೆ ಇರೋದು ತಪ್ಪಲ್ಲ. ಮುಚ್ಚಿಟ್ಟಿದ್ದು ತಪ್ಪು. ಹಳ್ಳಿ ದಾರೀಲಿ ನಿಂತುಹೋಗಿದ್ರೆ?”

ಚಿಕ್ಕಮುನಿಯಪ್ಪ ಬಗ್ಗಿ ಸ್ಪ್ಯಾನರ್ ಎತ್ತಿಕೊಂಡರು. “ತಪ್ಪೇಯಾ. ಗಾಡಿ ಇಲ್ಲೇ ಬಿಡಿ. ಸರಿ ಮಾಡ್ದೆ ನಾನು ಏಳಾಕಿಲ್ಲ. ಇದರ ಪುಸ್ತಕ ಏನಾರ ಐತಾ?”

೫

ಇತ್ತು, ಇಂಗ್ಲಿಷಿನಲ್ಲಿ. ಡಾಕ್ಟರಮ್ಮ ಸ್ಟೂಲಿನ ಮೇಲೆ ಕೂತು ಜೋರಾಗಿ, ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದರು. (ನನಗೆ ಎಂಜಿನ್ ಬಗ್ಗೆ ಗೊತ್ತಿರುವುದೂ ಅವರು ಅವತ್ತು ಹೇಳಿದಷ್ಟೇ.) ಈ ಎಂಜಿನ್ನಿನಲ್ಲಿ ಪ್ರತಿ ವಾಲ್ವಿಗೂ ಲಿಫ್ಟರ್ ಅಂತ ಒಂದು ಪುಟ್ಟ ಡಬ್ಬಿ. ಅದರೊಳಗೆ ಎಣ್ಣೆ ತುಂಬಿಕೊಂಡು ಸಂದನ್ನು ತಾನೇ ಮುಚ್ಚುತ್ತದೆ. ನಾವು ಸಂದು ಬಿಡಲೇಬಾರದು.

“ವಾಲ್ವು ಮುಚ್ಚಿರಬೇಕು. ಲಿಫ್ಟರ್ ಮೇಲಿನ ಕಡ್ಡಿನ ಬೆರಳಲ್ಲಿ ತಿರುಗಿಸ್ತಾ ನಟ್ ಬಿಗೀಬೇಕು. ಕಡ್ಡಿ ಒಂಚೂರು ಭಾರ ಆಯ್ತು ಅಂದ್ರೆ ನಿಲ್ಲಿಸಿ. ಅಲ್ಲಿಂದ ಸರಿಯಾಗಿ ಒಂದು ಸುತ್ತು. ಜಾಸ್ತಿ ಆದ್ರೆ ವಾಲ್ವು ಮುಚ್ಚಲ್ಲ, ಗಾಡಿ ಎಳೆಯಲ್ಲ.”

“ಇನ್ನೊಂದ್ ಸಲ ಓದಿ. ಕಿವಿ ಅಂತ ಎಲ್ಲಾರ ಬರ್ದವ್ರಾ?”

ಡಾಕ್ಟರಮ್ಮ ಪುಟ ತಿರುವಿದರು. “ಇಲ್ಲ. ಬೆರಳು ಅಂತಿದೆ.”

೬

ಹದಿನಾರು ವಾಲ್ವುಗಳು. ಹದಿನಾರನ್ನೂ ಬರೆದರೆ ನೀವು ಓಡಿಹೋಗುತ್ತೀರಿ. ಮೊದಲನೆಯದನ್ನು ಚಿಕ್ಕಮುನಿಯಪ್ಪ ಮೂರು ಸಲ ಬಿಚ್ಚಿದರು. ಭಾರ ಯಾವಾಗ ಬಂತು ಅಂತ ತಿಳಿಯಲಿಲ್ಲ. ಬೆರಳಿನ ಜಿಡ್ಡನ್ನು ಸೋಪು ಹಾಕಿ ತೊಳೆದು, ಕಣ್ಣು ಮುಚ್ಚಿ ಮತ್ತೆ ತಿರುಗಿಸಿದರು. ನಾಲ್ಕನೇ ಸಲ ಸಿಕ್ಕಿತು: ಮಗು ನಿದ್ದೆಯಲ್ಲಿ ಬೆರಳು ಹಿಡಿದುಕೊಂಡಷ್ಟು ಹಗುರಾದ ತಡೆ. ಅಲ್ಲಿಂದ ಒಂದು ಸುತ್ತು.

ಉಳಿದವೂ ಹೀಗೇ. ಮುನಿಲಕ್ಷ್ಮಮ್ಮ ಎಂಜಿನ್ನನ್ನು ಮುಂದಿನ ವಾಲ್ವು ಮುಚ್ಚುವವರೆಗೆ ಕೈಯಲ್ಲೇ ಸ್ವಲ್ಪ ಸ್ವಲ್ಪ ತಿರುಗಿಸಿ ಕೊಡುತ್ತಿದ್ದರು. ತಂದಿಟ್ಟ ಊಟ ಆರಿತು.

ಮಧ್ಯಾಹ್ನ ಎರಡಕ್ಕೆ ಸ್ಟಾರ್ಟ್ ಮಾಡಿದರು. ಹದಿನಾರೂ ಬಡಿದವು! ಡಾಕ್ಟರಮ್ಮ ಪುಸ್ತಕ ಮುಚ್ಚಿದರು. “ತಡೀರಿ,” ಅಂದರು ಚಿಕ್ಕಮುನಿಯಪ್ಪ, “ಡಬ್ಬಿಗೆ ಎಣ್ಣೆ ಏರ್ಬೇಕು.”

ಮುನಿಲಕ್ಷ್ಮಮ್ಮನ ಬೆರಳು ನೆಟ್ಟಗೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಅರ್ಧ ಮಡಚಿತು.

“ಒಂದು ಇನ್ನೂ ಬಡ್ಕೊಂತೈತೆ. ಯಾವುದೂಂತ ನಂಗೆ ಗೊತ್ತಾಯ್ತಿಲ್ಲ,” ಅಂತ ಗಂಡನ ಕಿವಿಯ ಹತ್ತಿರ ಕೂಗಿದರು.

(ಇಲ್ಲಿಗೇ ನಿಲ್ಲಿಸೋಣ, ಒಂದು ಕೊರತೆ ಇದ್ದರೆ ಸಾಹಿತ್ಯ ಅನ್ನಿಸುತ್ತದೆ ಅಂತ ನಾನು ಅಂದೆ. ಚಿಕ್ಕಮುನಿಯಪ್ಪ ನನ್ನನ್ನು ನೋಡಿದ ರೀತಿಗೆ ಪೆನ್ನು ಜೇಬಿಗೆ ಹಾಕಿದೆ.)

ಓಡುತ್ತಿರುವ ಎಂಜಿನ್ನಿನ ಮುಚ್ಚಳ ತೆಗೆದರು. ಬಿಸಿ ಎಣ್ಣೆ ಮೊಣಕೈವರೆಗೂ ಸಿಡಿಯಿತು. ಕುಣಿಯುವ ಒಂದೊಂದು ವಾಲ್ವಿನ ಮೇಲೂ ಬೆರಳಿಟ್ಟು ನೋಡುತ್ತಾ ಹೋದರು. ಹನ್ನೊಂದನೆಯದರ ಮೇಲೆ ಬೆರಳು ನಿಂತಿತು.

“ಇದೇಯಾ. ಬೆರಳಿಗೆ ಕುಕ್ತಾ ಐತೆ.”

ಎಂಜಿನ್ ನಿಲ್ಲಿಸಿ, ಅದೊಂದನ್ನು ಸಡಿಲಿಸಿ, ಮೊದಲಿಂದ ಮಾಡಿದರು. ಮತ್ತೆ ಸ್ಟಾರ್ಟ್. ಮುನಿಲಕ್ಷ್ಮಮ್ಮ ಬೆರಳನ್ನು ಪೂರ್ತಿ ಮಡಚಿ, ಆ ಕೈಯಿಂದಲೇ ಸೆರಗು ಎತ್ತಿ ಮುಖ ಒರೆಸಿಕೊಂಡರು.

೭

ಬೋರಮ್ಮ ಸಂಜೆ ಆರಕ್ಕೆ ಆಸ್ಪತ್ರೆ ಸೇರಿದಳು. ಮೂರು ದಿನ ಬಿಟ್ಟು ಡಾಕ್ಟರಮ್ಮ ಬಂದರು. “ಹೆಣ್ಣುಮಗು. ಇಬ್ರೂ ಚೆನ್ನಾಗಿದಾರೆ,” ಅಂತ ಚಿಕ್ಕಮುನಿಯಪ್ಪನವರಿಗೆ ಕೇಳಿಸುವ ಹಾಗೆ ಕೂಗಿದರು. ಬೀದಿಗೆಲ್ಲ ಕೇಳಿಸಿತು. ಮುಚ್ಚಿಟ್ಟ ಗುಟ್ಟೂ ಅದರ ಜೊತೆಗೇ ಬೀದಿಗೆ ಬಂತು.

ಇದು ಒಳ್ಳೆಯ ಮುಕ್ತಾಯ ಅಂತ ನಾನು ಗೆರೆ ಎಳೆಯುವಷ್ಟರಲ್ಲಿ ಶಿವಬಸಪ್ಪ ಅನ್ನುವ ಹೊಸ ಗಿರಾಕಿ ಬಂದರು. ಬಡಿಯುತ್ತಾ ಬಂದ ಕಾರಿಂದ ಇಳಿದು ಏನೋ ಹೇಳಿದರು. ಮುನಿಲಕ್ಷ್ಮಮ್ಮ ಅಭ್ಯಾಸಬಲದಿಂದ ಬೆರಳು ಎತ್ತಲು ಹೋದರು. ಚಿಕ್ಕಮುನಿಯಪ್ಪ ಬೇಡ ಎಂದು ಕೈ ಅಡ್ಡ ಹಿಡಿದರು.

“ಜೋರಾಗಿ ಹೇಳಿ ಸಾರ್. ನಂಗೆ ಕಿವಿ ಮಂದ.”

ಶಿವಬಸಪ್ಪನವರ ಕೈಯಲ್ಲಿ ಕಾರಿನ ಬೀಗದ ಕೈ. ಕೊಟ್ಟರೆ ಒಂದು ಕತೆ, ಕೊಡದೆ ಹೊರಟರೆ ಇನ್ನೊಂದು. ಎರಡನ್ನೂ ಬರೆದಿದ್ದೇನೆ, ಯಾವುದನ್ನೂ ನಿಮಗೆ ತೋರಿಸುವುದಿಲ್ಲ. ಯಾಕೆಂದರೆ ಚಿಕ್ಕಮುನಿಯಪ್ಪ ಉತ್ತರಕ್ಕೆ ಕಾಯಲಿಲ್ಲ. ಅಂಗಿಯ ತೋಳು ಮಡಚಿಕೊಂಡು ಬಾನೆಟ್ ಎತ್ತಿದರು.