ತಿಕ್ಕಿದ ರೂಪಾಯಿ

ಸರೋಜಮ್ಮನ ಮನೆಯಲ್ಲಿ ಒಂದು ಬೆಳ್ಳಿ ರೂಪಾಯಿ ಇತ್ತು. ಐದನೇ ಜಾರ್ಜನ ತಲೆಯದು, ೧೯೧೧ರದು. ವರಮಹಾಲಕ್ಷ್ಮಿ ಹಬ್ಬ ಬಂದರೆ ಅದು ಬೀರುವಿನಿಂದ ಆಚೆ ಬಂದು, ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು, ಕುಂಕುಮ ಇಡಿಸಿಕೊಂಡು ಕಳಶದ ಮುಂದೆ ಕೂರುತ್ತಿತ್ತು. ಇಂಗ್ಲೆಂಡಿನ ದೊರೆಗೆ ಮಂಗಳಾರತಿ ಯಾಕೆಂದು ಯಾರೂ ಕೇಳಿದವರಲ್ಲ. ರೂಪಾಯಿ ಎಂದರೆ ಲಕ್ಷ್ಮಿ, ಅಷ್ಟೆ.

ತಿಕ್ಕುವ ಕೆಲಸ ಸೊಸೆ ಕುಸುಮಳದು. ಅವಳು ಮಾಡಿದ್ದನ್ನೆಲ್ಲ ಅಚ್ಚುಕಟ್ಟಾಗಿ ಮಾಡುವವಳು. ಹುಣಸೆಹಣ್ಣು ಸಾಲದೆಂದು ಪಾತ್ರೆ ತೊಳೆಯುವ ಪುಡಿಯನ್ನೂ ಹಾಕುತ್ತಿದ್ದಳು.

ರಾಮಕೃಷ್ಣನಗರದ ಆ ಬೀದಿಗೆಲ್ಲ ಇಡ್ಲಿ ದೋಸೆ ಹಿಟ್ಟು ರುಬ್ಬಿ ಕೊಡುತ್ತಿದ್ದವಳೂ ಅವಳೇ. ಮನೆಯ ಸಣ್ಣ ಗ್ರೈಂಡರು ಆ ಹೊರೆ ತಾಳಲಾರದೆ ಸುಟ್ಟುಹೋಯಿತು. ಹೋಟೆಲಿನವರು ಇಡುವಂಥ ದೊಡ್ಡದು ಬೇಕಿತ್ತು. ಗಂಡ ಸಾಗರ್ ಹೂಟಗಳ್ಳಿಯ ಕಾರ್ಖಾನೆಯಲ್ಲಿ ದುಡಿದು ತರುವುದು ಬಾಡಿಗೆಗೆ, ಮಕ್ಕಳ ಫೀಸಿಗೆ ಸರಿಹೋಗುತ್ತಿತ್ತು. ಹಿಟ್ಟಿನ ಗಿರಾಕಿಗಳು ಒಬ್ಬೊಬ್ಬರಾಗಿ ಅಂಗಡಿಯ ಪ್ಯಾಕೆಟ್ಟಿಗೆ ತಿರುಗಿಕೊಳ್ಳುತ್ತಿದ್ದರು. ಕುಸುಮ ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ. ಸರೋಜಮ್ಮನೇ ಒಂದು ದಿನ, "ಆ ರೂಪಾಯಿ ತೋರಿಸ್ಕೊಂಡು ಬರಾಣ ನಡಿ. ಮೊಬೈಲ್‌ನಲ್ಲಿ ಹಳೇ ದುಡ್ಡಿಗೆ ಲಕ್ಷ ಲಕ್ಷ ಕೊಡ್ತೀವಿ ಅಂತಾವ್ರೆ" ಎಂದರು.

ಹೊರಡುವ ಮುಂಚೆ ಕುಸುಮ ಅದನ್ನು ಮತ್ತೊಮ್ಮೆ ತಿಕ್ಕಿ ತೊಳೆದಳು. ನೋಡುವವರ ಕಣ್ಣಿಗೆ ಚೆನ್ನಾಗಿ ಕಾಣಬೇಕಲ್ಲ!

ಲಕ್ಷ್ಮೀಪುರಂನ ಬಿಂದುಮಾಧವ ಹಳೆಯ ನಾಣ್ಯಗಳನ್ನು ಕೊಳ್ಳುವವರು, ಮಾರುವವರು. ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿದು ಭೂತಗನ್ನಡಿ ಇಟ್ಟರು. ಮುಖ ಅರಳಿತು.

"ಇದು ಹಂದಿ ರೂಪಾಯಿ ಅಮ್ಮ. ರಾಜನ ನಿಲುವಂಗಿ ಮೇಲೆ ಆನೆ ಕೆತ್ತಿದ್ರು, ಜನಕ್ಕೆ ಹಂದಿ ಥರ ಕಾಣಿಸ್ತು. ಗಲಾಟೆಯಾಗಿ ಮುಂದಿನ ವರ್ಷ ಅಚ್ಚನ್ನೇ ಬದಲಾಯಿಸಿದ್ರು. ಅದಕ್ಕೇ ಇದಕ್ಕೆ ಬೆಲೆ."

"ಅಯ್ಯೋ ಶಿವನೇ, ಇಷ್ಟ್ ವರ್ಸ ಹಂದಿಗಾ ಆರತಿ ಎತ್ತಿದ್ದು!" ಸರೋಜಮ್ಮ ಗಲ್ಲಕ್ಕೆ ಬಡಿದುಕೊಂಡರು.

ಬಿಂದುಮಾಧವ ನಕ್ಕರು. "ಕೈಯಿಂದ ಕೈಗೆ ಓಡಾಡಿದ ನಾಣ್ಯ ಮೊದಲು ಸವೆಯೋದು ಉಬ್ಬಿದ ಕಡೆ. ಇದರಲ್ಲಿ ಕಿವಿ, ಕಿರೀಟ, ಆ ಆನೆ, ಎಲ್ಲಾ ಉಳಿದಿವೆ. ಸವೆತ ಕಮ್ಮಿ." ನಾಣ್ಯವನ್ನು ದೀಪದ ಕೆಳಗೆ ಓರೆ ಮಾಡಿದರು. "ಇದನ್ನ ತಿಕ್ಕಿದ್ದೀರಾ?"

ಕುಸುಮ ಹೌದೆಂದು ತಲೆಯಾಡಿಸಿದಳು.

"ಬೆಳ್ಳಿ ನೂರು ವರ್ಷದಲ್ಲಿ ತಾನಾಗೇ ಒಂದು ಬಣ್ಣಕ್ಕೆ ತಿರುಗುತ್ತೆ. ಸಂಗ್ರಹ ಮಾಡೋರು ಹುಡುಕೋದೇ ಅದನ್ನ. ಇಲ್ಲಿ ಬರೀ ಗೀರು. ಹಾಗೇ ಬಿಟ್ಟಿದ್ರೆ ಇದರ ಮಾತೇ ಬೇರೆ ಇತ್ತು. ಈಗ ಒಳ್ಳೇ ದರ್ಜೆ ಕೊಡೋಕಾಗಲ್ಲ."

ಅವಳಿಗೆ ನೆಲ ಬಾಯಿಬಿಡಬಾರದೇ ಅನಿಸಿತು. ಮನೆಯಲ್ಲಿದ್ದ ಒಂದೇ ಒಂದು ಬೆಲೆಬಾಳುವ ವಸ್ತುವನ್ನು ತಾನೇ ಕೈಯಾರೆ ಹಾಳುಮಾಡಿದ್ದಳು, ಅದೂ ಭಕ್ತಿಯಿಂದ. "ನಾನೇ ಸಾರ್ ತಿಕ್ಕಿದ್ದು. ಇವತ್ತು ಬೆಳಿಗ್ಗೇನೂ ತಿಕ್ಕಿದೆ" ಎನ್ನುವಾಗ ಕಣ್ಣು ತುಂಬಿಬಂತು.

ಸರೋಜಮ್ಮ ಸೊಸೆಯ ಕಡೆ ತಿರುಗಲಿಲ್ಲ. "ಸ್ವಾಮಿ, ಗೀರೆಲ್ಲಾ ಒಂದೇ ತರ ಅವೆಯಾ?" ಎಂದು ಕೇಳಿದರು.

ತಪ್ಪನ್ನು ಇಂಚು ಇಂಚಾಗಿ ಅಳೆಸುತ್ತಿದ್ದಾರೆ ಎಂದು ಕುಸುಮ ತಲೆ ತಗ್ಗಿಸಿದಳು.

ಬಿಂದುಮಾಧವ ಮತ್ತೆ ಗಾಜಿಟ್ಟರು. "ಇಲ್ಲ. ಮೇಲಿನವು ಸಣ್ಣ ಗೀರು, ಹೊಸವು. ಅಡಿಯಲ್ಲಿ ಒರಟಾದವು ಇವೆ, ತುಂಬಾ ಹಳೇವು. ನಾಣ್ಯ ಕೆಟ್ಟಿದ್ದು ಅವುಗಳಿಂದಲೇ."

"ಅವು ನನ್ನವು" ಎಂದರು ಸರೋಜಮ್ಮ. "ನಾನು ಮದುವೆಯಾಗಿ ಬಂದ ಹೊಸದ್ರಲ್ಲಿ ನಮ್ಮತ್ತೆ 'ಹೊಳಪೇ ಇಲ್ವಲ್ಲೇ' ಅಂತ ನಾಕ್ ಜನದ ಮುಂದೆ ಬೈದ್ರು. ಸಿಟ್ಟಿಗೆ ಇಟ್ಟಿಗೆ ಪುಡಿ ಹಾಕಿ ಉಜ್ಜಿಬುಟ್ಟೆ. ಈ ಮಗು ಸೊಸೆಯಾಗಿ ಬರೋವತ್ಗೇ ಅದು ಕೆಟ್ಟೋಗಿತ್ತು. ಅಳಬ್ಯಾಡ ಸುಮ್ನಿರು ಕಣಮ್ಮ."

ಅತ್ತೆಯ ಬಾಯಿಂದ ಇಂಥ ಮಾತನ್ನು ಕುಸುಮ ಎಂದೂ ಕೇಳಿರಲಿಲ್ಲ. ಅಳು ನಿಲ್ಲುವ ಬದಲು ಇನ್ನೂ ಜೋರಾಯಿತು.

ಸರೋಜಮ್ಮ ಆಗಲೇ ವ್ಯಾಪಾರಕ್ಕೆ ಇಳಿದಿದ್ದರು. "ಲಕ್ಷದ ಮಾತು ಬುಡಿ ಸ್ವಾಮಿ. ಹಿಟ್ಟು ರುಬ್ಬೋ ದೊಡ್ಡ ಮಷೀನ್ಗೆ ಮುಂಗಡ ಕಟ್ಟೋಷ್ಟು ಬತ್ತದಾ?"

"ಅಷ್ಟಕ್ಕೇನೂ ಮೋಸ ಇಲ್ಲಮ್ಮ. ಎಷ್ಟಂದ್ರೂ ಹಂದಿ ರೂಪಾಯಿ."

"ಅಂಗಾದ್ರೆ ಇಟ್ಕಳಿ. ಉಳಿದಿದ್ದು ಕಂತಿನಲ್ಲಿ ಕಟ್ಕತೀವಿ."

ಕುಸುಮ ಸೆರಗಿನಿಂದ ಮೂಗೊರೆಸಿಕೊಂಡು ಅತ್ತೆಯ ಕೈ ಹಿಡಿದಳು. "ಬೇಡ ಅತ್ತೆ. ತಲೆಮಾರಿಂದ ಪೂಜೆ ಮಾಡಿದ್ದೀರಿ. ಹಬ್ಬಕ್ಕೆ ಏನಿಡೋದು?"

"ಹಬ್ಬದ ಹಿಂದಿನ ದಿನ ಬೀದಿ ಜನವೆಲ್ಲಾ ವಡೆ ಹಿಟ್ಟಿಗೆ ನಿನ್ನ ಬಾಗಿಲಲ್ಲಿ ಪಾತ್ರೆ ಹಿಡ್ಕೊಂಡು ನಿಂತಿರ್ತದೆ" ಎಂದರು ಸರೋಜಮ್ಮ. "ರೂಪಾಯಿ ತಿಕ್ತಾ ಕೂರೋಕೆ ನಿಂಗೆ ಪುರುಸೊತ್ತೆಲ್ಲಿರ್ತದೆ?"