ಮಾಳಿಗೆಯ ಮೇಲೆ ಕೋಡ್ ನೋಡುವ ಶಾಸ್ತ್ರ

ಹೆಣ್ಣು ನೋಡಲು ಬರುವಾಗ ಯಾರಾದರೂ ಲ್ಯಾಪ್‌ಟಾಪ್ ತರುತ್ತಾರೆಯೇ? ನನ್ನನ್ನು ನೋಡಲು ಬಂದ ಕಂಪ್ಲಿಯ ಪಂಪೇಶ್ ತಂದಿದ್ದ. ಜೊತೆಗೆ, ಗದ್ದೆಯ ಪಂಪ್‌ಸೆಟ್ಟನ್ನು ಮೊಬೈಲಿನಿಂದಲೇ ನಡೆಸಲು ತಾನು ತಯಾರಿಸಿದ ಎಲೆಕ್ಟ್ರಾನಿಕ್ ಬೋರ್ಡು. ಅವನ ತಾಯಿ ಹಂಪಕ್ಕ ಹೊಸಪೇಟೆಯ ನಮ್ಮ ಪಡಸಾಲೆಯಲ್ಲಿ ಕೂತು ಆ ಬ್ಯಾಗನ್ನೇ ದುರುಗುಟ್ಟಿ ನೋಡುತ್ತಿದ್ದರು.

"ಇಬ್ರೂ ಮಾಳಿಗಿ ಮ್ಯಾಗ ಹೋಗಿ ಮಾತಾಡ್ರಿ" ಎಂದು ಅಪ್ಪ ಕಳಿಸಿದರು. ನಾನೂ ಕೋಡ್ ಬರೆಯುವ ಕಸುಬಿನವಳೆಂದು ತಿಳಿದದ್ದೇ ತಡ, ಪಂಪೇಶ್ ಲ್ಯಾಪ್‌ಟಾಪಿನಲ್ಲಿ ಆ ಬೋರ್ಡಿನ ಕೋಡ್ ತೆರೆದ.

"ನೋಡ್ರಿ ಭವ್ಯಾ, ತಪ್ಪಿದ್ರ ಹೇಳ್ರಿ."

ಹಿಂದೆ ಬಂದ ವರನೂ ಏನೋ ಮಾತಿಗೆ ಹೀಗೇ ಅಂದಿದ್ದ. ತಪ್ಪಿತ್ತು, ಹೇಳಿದೆ. "ಹುಡುಗಿ ಭಾಳ ಶಾಣ್ಯಾಕಿ" ಎಂದು ಅವನ ಮನೆಯವರು ಸುದ್ದಿ ಕಳಿಸಿದರು. ಅಂದರೆ ಬೇಡವೆಂದು. ಈ ಪಂಪೇಶನ ನಗು ನನಗೆ ಹಿಡಿಸಿಬಿಟ್ಟಿತ್ತು, ಬಾಯಿ ಮುಚ್ಚಿಕೊಂಡಿರೋಣ ಅನ್ನಿಸಿತು.

ಆದರೆ ತಪ್ಪು ಕಣ್ಣಿಗೆ ರಾಚುತ್ತಿತ್ತು. ಕರೆಂಟು ಬಂದೊಡನೆ ಬೋರ್ಡಿನಲ್ಲಿ ಮೊದಲು ಏಳುವುದು ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಂ. ಮೆಮೊರಿ ಎಲ್ಲಿದೆ, ಮೋಟರ್ ಯಾವ ಪಿನ್ನಿಗಿದೆ ಎಂಬುದನ್ನು ಅದು ಡಿವೈಸ್ ಟ್ರೀ ಎಂಬ ವಿವರಣೆಯಿಂದ ಓದಿಕೊಳ್ಳುತ್ತದೆ. ಅದರಲ್ಲಿ ಪ್ರತಿ ವಿವರಕ್ಕೂ ಅದರ ಉದ್ದ ಬರೆದಿರುತ್ತದೆ. ಪಂಪೇಶ್ ಬರೆದ ಬೂಟ್‌ಲೋಡರ್ ಆ ಉದ್ದವನ್ನು ಕಣ್ಣುಮುಚ್ಚಿ ನಂಬುತ್ತಿತ್ತು.

"ಉದ್ದ ತಪ್ಪಿದ್ರ ಏನ್ ಗತಿ? ನೀವು ಚೆಕ್ ಮಾಡೇ ಇಲ್ಲಲ್ರಿ."

"ನಾನ ಬರ್ದಿದ್ದು ಅದು. ಹೆಂಗ ತಪ್ತೈತ್ರಿ?"

"ಬೋರ್ಡಿಗೆ ಬರೆಯೂದ್ರಾಗ ಅರ್ಧಕ್ಕ ಕರೆಂಟ್ ಹೋದ್ರ? ನಮ್ಮ ಕಡಿ ಕರೆಂಟ್ ನಂಬ್ತೀರೇನು?"

ಅವನ ನಗು ಮಾಯವಾಯಿತು. ನಾನು ಒಂದು ಉದ್ದವನ್ನು ಬೇಕೆಂದೇ ಹಿಗ್ಗಿಸಿ ಬೋರ್ಡಿಗೆ ಹಾಕಿದೆ. ಹಸಿರು ದೀಪ ಮಿಣುಕಿ ಆರಿತು. ಮತ್ತೆ ಹತ್ತಲಿಲ್ಲ.

ಪಂಪೇಶ್ ಲ್ಯಾಪ್‌ಟಾಪ್ ಎತ್ತಿಕೊಂಡು ಇಳಿದುಹೋದ. ಸುಡುಗಾಡು ನಾಲಿಗೆ ನನ್ನದು! ಅಳು ಬಂತು, ಹಿಂದೆಯೇ ಕೋಪವೂ ಬಂತು. ತಪ್ಪು ಬರೆದವಳು ನಾನೇನು? ನಾನೂ ಕೆಳಗಿಳಿದೆ.

"ಏನಾತೋ?" ಎಂದು ಹಂಪಕ್ಕ ಮಗನನ್ನು ಕೇಳಿದರು.

"ನನ್ನ ತಪ್ಪು ಹಿಡದ್ರಬೇ."

"ಮದಿವಿಗಿ ಮುಂಚೇನ?"

"ಹೂಂ, ಖರೇನ ತಪ್ಪಿತ್ತು. ಹಂಗ ಹೊಲಕ್ಕ ಹಾಕಿದ್ರ ನೀರು ಬರದ ಊರೆಲ್ಲಾ ನನ್ನ ಬೈತಿತ್ತು." ಆಮೇಲೆ ಪಂಪೇಶ್ ನಮ್ಮ ಅಪ್ಪನ ಕಡೆ ತಿರುಗಿದ. "ಮಾವಾರ, ಪ್ಲಗ್ ಎಲ್ಲೈತ್ರಿ? ಚಾರ್ಜ್ ಮುಗದೈತಿ. ಇಬ್ರೂ ಕುಂತು ತಿದ್ತೀವಿ."

ಅಪ್ಪ ಹಂಪಕ್ಕನನ್ನು ನೋಡಿದರು, ಹಂಪಕ್ಕ ಅಪ್ಪನನ್ನು. ನನ್ನನ್ನು ಇನ್ನೂ ಯಾರೂ ಏನೂ ಕೇಳಿರಲಿಲ್ಲ.

"ಅಪ್ಪಾ, ನನಗ ಒಪ್ಪಿಗಿ ಐತಿ" ಎಂದುಬಿಟ್ಟೆ.